ಆರನೇ ಲೈನಿನ ಪಾಠ

ಲಗ್ಗೆರೆ, ಬೆಂಗಳೂರು
9-7-2000

ತಮ್ಮ ಬಾಳೇಶನಿಗೆ ಅಕ್ಕ ಸುವರ್ಣಾ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಆರಾಮವಾಗಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಅವ್ವ ನಿನಗೆ ಮುಂದಿನದನ್ನು ಓದಲು ಬಿಡುವುದಿಲ್ಲ. ನಿಮ್ಮ ಭಾವ ಶ್ರೀಶೈಲ ಪೀಣ್ಯದಲ್ಲಿ ಲೇತ್ ಕೆಲಸಕ್ಕೆ ಹೋಗುತ್ತಿದ್ದಾರೆ. ನನಗೂ ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕು ಒಂದು ತಿಂಗಳಾಯಿತು. ಆರನೇ ಲೈನು, ಅಂಗಿಗೆ ಕಾಲರ್ ಕೂರಿಸುವುದು. ಈಗ ದಾರಿಯಲ್ಲಿ ಯಾರು ಸಿಕ್ಕರೂ ಮುಖಕ್ಕಿಂತ ಮೊದಲು ಕುತ್ತಿಗೆ ನೋಡುತ್ತೇನೆ.

ನೀನು ವಿಜ್ಞಾನದ ಮಾಸ್ತರ. ಅದಕ್ಕೇ ನಾಚಿಕೆ ಬಿಟ್ಟು ಒಂದು ಮಾತು ಕೇಳುತ್ತೇನೆ, ಇದನ್ನು ಮಾತ್ರ ಅವ್ವನ ಮುಂದೆ ಓದಬೇಡ. ನಮ್ಮ ಲೈನಿನಲ್ಲಿ ನಲವತ್ತು ಹೆಂಗಸರು. ಸೂಪರ್‌ವೈಸರನ ಮೇಜಿನ ಪಕ್ಕದ ಮೊಳೆಗೆ ಎರಡು ಮರದ ಬಿಲ್ಲೆ ತೂಗುಹಾಕಿದ್ದಾರೆ. ಕಕ್ಕಸಿಗೆ ಹೋಗುವವರು ಒಂದು ಬಿಲ್ಲೆ ತೆಗೆದುಕೊಂಡು ಹೋಗಬೇಕು, ಬಂದು ಮತ್ತೆ ತೂಗುಹಾಕಬೇಕು. ಎರಡೂ ಹೊರಗೆ ಹೋಗಿದ್ದರೆ ಕಾಯಬೇಕು. ಮೊನ್ನೆ ನಾನು ಎರಡನೆಯ ಸಲ ಎದ್ದಾಗ ಅವನು ಇಡೀ ಲೈನಿಗೆ ಕೇಳುವಂತೆ, "ಏನಮ್ಮಾ, ಬಂದಿರೋದು ಹೊಲಿಯೋಕಾ, ಇದಕ್ಕಾ?" ಅಂದ. ನಲವತ್ತು ಮಿಷಿನ್ನೂ ಒಂದು ಕ್ಷಣ ನಿಂತವು. ನಾನು ಬಿಲ್ಲೆ ಅಲ್ಲೇ ಇಟ್ಟು ಬಂದು ಕೂತೆ. ಸಾಯಂಕಾಲದವರೆಗೆ ಹೇಗೆ ಕಳೆದೆನೋ ನನಗೇ ಗೊತ್ತು.

ನಮ್ಮೂರಲ್ಲಿ ಬಯಲಿಗೆ ಹೋಗುವುದಕ್ಕೂ ಯಾರ ಅಪ್ಪಣೆ ಬೇಕಿರಲಿಲ್ಲ. ಹೀಗೆ ಎದ್ದು ಹೋಗಬೇಕಾಗುವುದು ಕಡಿಮೆಯಾಗುವುದಕ್ಕೆ ನಿನ್ನ ಪುಸ್ತಕದಲ್ಲಿ ಏನಾದರೂ ಉಪಾಯ ಇದ್ದರೆ ಬರೆ.

ನಿನ್ನ ಅಕ್ಕ
ಸುವರ್ಣಾ

*

ಬೆಣಚಿನಾಳ
23-7-2000

ಅಕ್ಕನಿಗೆ ಬಾಳೇಶನ ನಮಸ್ಕಾರ.

ನಿನ್ನ ಕಾಗದ ಓದಿ ನನಗೆ ಬಹಳ ಖುಷಿಯಾಯಿತು. ಯಾಕೆ ಅಂದರೆ, ಮೂರು ವರ್ಷದಿಂದ ಏಳನೆಯ ತರಗತಿಗೆ ಈ ಪಾಠ ಮಾಡುತ್ತಿದ್ದೇನೆ, ಒಂದು ಮಗುವೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿಲ್ಲ. ನೀನು ಶಾಲೆ ಬಿಡಬಾರದಿತ್ತು.

ನಮ್ಮ ಬೆನ್ನಿನ ಎರಡೂ ಬದಿ ಅವರೆಕಾಳಿನ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲಿ ಸುಮಾರು ಹತ್ತು ಲಕ್ಷ ಸಣ್ಣ ಸೋಸುಕಗಳು. ಹಬ್ಬಕ್ಕೆ ಮನೆ ಸಾರಿಸುವಾಗ ಅವ್ವ ಏನು ಮಾಡುತ್ತಾಳೆ? ಸಾಮಾನೆಲ್ಲ ಅಂಗಳಕ್ಕೆ ತಂದಿಡುತ್ತಾಳೆ, ಆಮೇಲೆ ಬೇಕಾದ್ದನ್ನು ಒಂದೊಂದಾಗಿ ಒಳಗೆ ಒಯ್ಯುತ್ತಾಳೆ, ಕಸ ಹೊರಗೇ ಉಳಿಯುತ್ತದೆ. ಮೂತ್ರಪಿಂಡವೂ ಹಾಗೇ. ರಕ್ತದಲ್ಲಿರುವ ನೀರು, ಸಕ್ಕರೆ, ಉಪ್ಪು, ಕೊಳೆ ಎಲ್ಲವನ್ನೂ ಮೊದಲು ಸೋಸಿ ಒಂದು ಸಣ್ಣ ಕೊಳವೆಗೆ ಬಿಡುತ್ತದೆ. ಆ ಕೊಳವೆಯ ಉದ್ದಕ್ಕೂ ಬೇಕಾದ್ದು ತಿರುಗಿ ರಕ್ತಕ್ಕೆ ಸೇರುತ್ತದೆ. ದಿನಕ್ಕೆ ಸೋಸುವುದು ನೂರ ಎಂಬತ್ತು ಲೀಟರ್, ಹೊರಗೆ ಬರುವುದು ಒಂದೂವರೆ ಲೀಟರ್. ಉಳಿದದ್ದೆಲ್ಲ ವಾಪಸು. ಇದನ್ನು ಹೇಳುವಾಗ ನನಗೆ ಪ್ರತಿ ವರ್ಷ ಮೈ ಜುಮ್ಮೆನ್ನುತ್ತದೆ.

ಈಗ ನಿನ್ನ ಪ್ರಶ್ನೆ. ನೀರು ಕಡಿಮೆ ಕುಡಿದರೆ ರಕ್ತ ಸ್ವಲ್ಪ ಗಟ್ಟಿಯಾಗುತ್ತದೆ. ಮೆದುಳಿಗೆ ಅದು ತಕ್ಷಣ ಗೊತ್ತಾಗಿ, ನೀರು ಉಳಿಸು ಎಂದು ರಕ್ತದಲ್ಲೇ ಒಂದು ರಸ ಕಳಿಸುತ್ತದೆ. ಮೂತ್ರಪಿಂಡ ಇನ್ನಷ್ಟು ನೀರನ್ನು ಒಳಗೆಳೆದುಕೊಳ್ಳುತ್ತದೆ. ಮೂತ್ರ ಹಳದಿಯಾಗುತ್ತದೆ, ಕಡಿಮೆಯಾಗುತ್ತದೆ. ಹೆದರಬೇಕಾಗಿಲ್ಲ, ದೇಹ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಬೆಳಿಗ್ಗೆ ಒಂದು ಲೋಟ, ಊಟಕ್ಕೆ ಅರ್ಧ ಲೋಟ ಕುಡಿದು ಒಂದು ವಾರ ಅಭ್ಯಾಸ ಮಾಡು. ಆಮೇಲೆ ಬಿಲ್ಲೆಯ ಗೊಡವೆ ಇರುವುದಿಲ್ಲ.

ಅವ್ವ ಕೇಳುತ್ತಿದ್ದಾಳೆ, ಸುವರ್ಣಾ ಏನು ಬರೆದಿದ್ದಾಳೆ ಎಂದು. ಪಾಠದ ವಿಷಯ ಎಂದೆ.

ನಿನ್ನ
ಬಾಳೇಶ

*

ಲಗ್ಗೆರೆ
24-9-2000

ಬಾಳೇಶ,

ನಿನ್ನ ಉಪಾಯ ಫಲಿಸಿತು. ಮೊದಲ ನಾಲ್ಕು ದಿನ ತಲೆ ಸಿಡಿಯಿತು, ನಾಲಿಗೆ ಅಂಗುಳಕ್ಕೆ ಅಂಟಿತು. ಈಗ ಬೆಳಿಗ್ಗೆ ಎಂಟೂವರೆಗೆ ಕೂತರೆ ಸಾಯಂಕಾಲ ಆರರವರೆಗೆ ಏಳುವುದಿಲ್ಲ. ಸೂಪರ್‌ವೈಸರ್ ನನ್ನನ್ನು ತೋರಿಸಿ ಬೇರೆಯವರಿಗೆ, ಆಯಮ್ಮನ್ನ ನೋಡಿ ಕಲೀರಿ ಅಂತಾನೆ. ಅವನ ಬಾಯಿಂದ ಒಳ್ಳೆಯ ಮಾತು ಬಂತಲ್ಲ ಎಂದು ನನಗೂ ಒಂದು ನಮೂನೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ನನ್ನ ಪಕ್ಕದ ಮಿಷಿನ್ ಪಂಕಜಾಳದು. ಹೆಗ್ಗನಹಳ್ಳಿಯವಳು, ತೋಳು ಕೂರಿಸುತ್ತಾಳೆ, ಬಾಯಿ ಜೋರು, ಮನಸ್ಸು ಒಳ್ಳೆಯದು. ಅವಳು ಗುಟ್ಟೇನು ಎಂದು ಪೀಡಿಸಿದಳು. ಊಟದ ಹೊತ್ತಿನಲ್ಲಿ ನಿನ್ನ ಕಾಗದ ಓದಿ ಹೇಳಿದೆ. ಹಬ್ಬಕ್ಕೆ ಸಾಮಾನು ಹೊರಗಿಡುವ ಮಾತು ಎಲ್ಲರಿಗೂ ಹಿಡಿಸಿತು. ಪಂಕಜಾ ಒಂದು ಹಾಳೆಯಲ್ಲಿ ಬರೆದುಕೊಂಡಳು, ಅವಳಿಂದ ಇನ್ನಿಬ್ಬರು. ಈಗ ಆರನೇ ಲೈನಿನಲ್ಲಿ ನಿನಗೆ ನೀರಿನ ಮೇಷ್ಟ್ರು ಎಂದು ಹೆಸರು. ನಲವತ್ತು ಶಿಷ್ಯೆಯರು ನಿನಗೆ, ಊರಲ್ಲಿ ಕೂತು ಬೀಗು.

ನಾಗರಪಂಚಮಿಗೆ ಊರಿಗೆ ಬಂದಾಗ ಅವ್ವ ಕೊಟ್ಟ ಉಂಡಿ ಮುಗಿದವು.

ಸುವರ್ಣಾ

*

ಲಗ್ಗೆರೆ
16-11-2003

ತಮ್ಮನಿಗೆ,

ಪ್ರತಿ ಪಂಚಮಿಗೂ ನೀನು ಬಂದು ಕರೆದೊಯ್ಯುತ್ತೀಯ, ಮುಖ ನೋಡಿಯೇ ಇರುತ್ತೇವೆ. ಹಾಗಾಗಿ ಕಾಗದ ಬರೆಯುವುದು ನಿಂತೇ ಹೋಗಿತ್ತು. ಈಗ ಪಂಕಜಾಳ ಸಲುವಾಗಿ ಬರೆಯುತ್ತಿದ್ದೇನೆ.

ಪಾಪ, ಅವಳಿಗೆ ಉರಿಮೂತ್ರ. ಮೂರು ನಾಲ್ಕು ಸಲ ಬಂದು ಬಂದು ಹೋಗಿದೆ. ಬಂದಾಗ ನಡುಗುವ ಜ್ವರ, ಬೆನ್ನಿನ ಬದಿಯಲ್ಲಿ ಹಿಡಿದುಕೊಂಡಂತೆ ನೋವು. ಮೂತ್ರ ಕರೀ ಚಹಾದ ಬಣ್ಣ. ಮೆಡಿಕಲ್ ಸ್ಟೋರಿನವನು ಕೊಡುವ ಮಾತ್ರೆ ನುಂಗಿ ಕೆಲಸಕ್ಕೆ ಬರುತ್ತಾಳೆ. ರಜೆ ಹಾಕಿದರೆ ಲೈನು ಬದಲಾಯಿಸುತ್ತಾರೆ ಎಂಬ ಹೆದರಿಕೆ. ಹೀಗೆ ಆದರೆ ಏನು ಮಾಡಬೇಕು, ಮೂತ್ರಪಿಂಡಕ್ಕೆ ಏನಾದರೂ ಆಗಿರಬಹುದೇ, ನೀನು ಓದಿದವನು, ತಿಳಿಸು.

ಅವಳೇ ಕೇಳು ಅಂದಳು. ನಾನು ಚೆನ್ನಾಗಿದ್ದೇನೆ.

ಸುವರ್ಣಾ

*

ಬೆಣಚಿನಾಳ
21-12-2003

ಅಕ್ಕನಿಗೆ ನಮಸ್ಕಾರ.

ಉತ್ತರ ತಡವಾಯಿತು. ಮತದಾರರ ಪಟ್ಟಿಯ ಕೆಲಸ ಹಚ್ಚಿದ್ದಾರೆ, ಮನೆ ಮನೆ ತಿರುಗಿ ಚಪ್ಪಲಿ ಸವೆಯಿತು. ಪಂಕಜಾ ಅವರಿಗೆ ನಾಲ್ಕು ದಿನ ಚೆನ್ನಾಗಿ ನೀರು ಕುಡಿಯಲು ಹೇಳು. ಎಳನೀರು, ಬಾರ್ಲಿ ಗಂಜಿ ಒಳ್ಳೆಯದು. ವೈದ್ಯರಿಗೆ ತೋರಿಸಿದರೆ ಇನ್ನೂ ಒಳ್ಳೆಯದು. ಮೂತ್ರಪಿಂಡಕ್ಕೆ ಅಷ್ಟು ಸುಲಭವಾಗಿ ಏನೂ ಆಗುವುದಿಲ್ಲ, ಎರಡರಲ್ಲಿ ಒಂದಿದ್ದರೂ ಮನುಷ್ಯ ಬದುಕುತ್ತಾನೆ.

ನೀನು ಚೆನ್ನಾಗಿದ್ದೀಯಲ್ಲ, ನಮಗೆ ಅಷ್ಟು ಸಾಕು. ಅವ್ವನಿಗೆ ಕಾಗದ ಓದಿ ಹೇಳಿದೆ. "ಆಕಿ ಗೆಳತಿ ಪಾಪ, ತವರಮನಿಗಿ ಹೋಗಿ ಎಂಟ ದಿನಾ ಮಲಗಬಾರದೇನ" ಅಂದಳು.

ಬಾಳೇಶ

*

ಲಗ್ಗೆರೆ
17-7-2005

ಬಾಳೇಶ,

ಈ ಸಲ ಪಂಚಮಿಗೆ ನನ್ನನ್ನು ಕರೆಯಲು ಬರಬೇಡ. ಫ್ಯಾಕ್ಟರಿಯಲ್ಲಿ ದೊಡ್ಡ ಆರ್ಡರ್ ಬಂದಿದೆ, ಭಾನುವಾರವೂ ಕೆಲಸ. ಅವ್ವನನ್ನೂ ಇಲ್ಲಿಗೆ ಕಳಿಸಬೇಡ, ಮನೆ ಇಕ್ಕಟ್ಟು. ನೀನು ಕಿರಾಣಿ ಅಂಗಡಿಯ ಫೋನಿಗೆ ಮಾಡಿದ್ದೆಯಂತೆ. ನಿಮ್ಮ ಭಾವ ಹೇಳಿದರು. ನಾನು ಆಗ ಮನೆಯಲ್ಲಿರಲಿಲ್ಲ. ಕಾಗದವನ್ನೇ ಬರೆ, ನನಗೆ ಅದೇ ಇಷ್ಟ.

ಇನ್ನೊಂದು ಮಾತು. ಪಂಕಜಾಳ ಸಂಬಂಧಿಕರೊಬ್ಬರಿಗೆ ಎರಡೂ ಮೂತ್ರಪಿಂಡ ಕೆಲಸ ನಿಲ್ಲಿಸಿವೆಯಂತೆ. ಕಾಲು, ಮುಖ ಊದಿಕೊಂಡಿವೆ. ವಾರಕ್ಕೆ ಎರಡು ಸಲ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಕೊಟ್ಟು ರಕ್ತ ಸೋಸುತ್ತಾರೆ. ಆ ಯಂತ್ರ ಮೂತ್ರಪಿಂಡದಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಯೇ? ಅಂಥವರು ಎಷ್ಟು ದಿನ ಇರುತ್ತಾರೆ? ಅಲ್ಲಿ ಯಾರನ್ನು ಕೇಳಿದರೂ ಬಿಡಿಸಿ ಹೇಳುವುದಿಲ್ಲವಂತೆ. ನೀನು ಆ ಮೊದಲಿನ ಕಾಗದದಲ್ಲಿ ಬರೆದಂತೆ ಬಿಡಿಸಿ ಬರೆ.

ಸುವರ್ಣಾ

*

ಬೆಣಚಿನಾಳ
31-7-2005

ಅಕ್ಕನಿಗೆ,

ಅವ್ವ ಉಂಡಿ ಕಟ್ಟಿ ಡಬ್ಬಿ ತುಂಬಿದ್ದಾಳೆ. ಗುಳೇದಗುಡ್ಡದ ಖಣ ತರಿಸಿದ್ದಾಳೆ. ಬೇವಿನ ಗಿಡಕ್ಕೆ ಜೋಕಾಲಿ ಹಾಕು ಎಂದು ನನಗೆ ಹೇಳಿದಳು, ಹಾಕಿದೆ. ಈಗ ಅದರಲ್ಲಿ ಓಣಿಯ ಮಕ್ಕಳು ಜೀಕುತ್ತಿದ್ದಾರೆ. ಆರ್ಡರ್ ಬಂದಿದೆ ಎಂದು ಅವಳಿಗೆ ಹೇಗೆ ಹೇಳಲಿ? ಹುಟ್ಟಿದ ಮನೆ ಬೇಕಾಗದಷ್ಟು ಅನುಕೂಲವಾಗಿದ್ದರೆ ಸಂತೋಷ. ಮನೆ ಇಕ್ಕಟ್ಟು ಎಂದು ಅವ್ವನಿಗೆ ಬರೆಯುವ ಮಗಳು ನೀನಾಗುತ್ತೀ ಅಂದುಕೊಂಡಿರಲಿಲ್ಲ. ಇನ್ನು ಮುಂದೆ ನೀನಾಗಿ ಬರುವೆನೆಂದರೆ ಬಾ. ನಾನು ಕರೆಯುವುದಿಲ್ಲ.

ನಿನ್ನ ಗೆಳತಿಯ ಸಂಬಂಧಿಕರ ಪ್ರಶ್ನೆಗೆ: ಯಂತ್ರ ಸೋಸುತ್ತದೆ, ಅಷ್ಟೇ. ಮೂತ್ರಪಿಂಡ ಪ್ರತಿ ನಿಮಿಷ ಮಾಡುವ ಹದವನ್ನು ಅದು ವಾರಕ್ಕೆ ಎಂಟು ಗಂಟೆಯಲ್ಲಿ ಮಾಡಲಾಗುವುದಿಲ್ಲ. ಅಂಥವರು ಬಹಳ ದಿನ ಇರುವುದಿಲ್ಲ ಎಂದು ಓದಿದ್ದೇನೆ.

ಬಾಳೇಶ

*

ಲಗ್ಗೆರೆ
26-2-2006

ಬಾಳೇಶ,

ನಿನ್ನ ಉತ್ತರವನ್ನು ಆ ಸಂಬಂಧಿಕರಿಗೆ ತಲುಪಿಸಿದೆ.

ಏಳು ತಿಂಗಳಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ಸಿಟ್ಟು ಇರಲಿ, ನಾನು ಅದಕ್ಕೆ ತಕ್ಕವಳೇ. ಆದರೆ ಏನಾದರೂ ಬರೆ. ಅವ್ವನ ವಿಷಯ ಬೇಡವೆಂದರೆ ಪಾಠದ ವಿಷಯ ಬರೆ. ಗಾಳಿ, ಬೆಳಕು, ಅಯಸ್ಕಾಂತ, ಯಾವುದಾದರೂ. ಆ ಮೂತ್ರಪಿಂಡದ್ದೊಂದು ಬಿಟ್ಟು.

ಈಗ ನನಗೆ ಹೊತ್ತು ಹೋಗುವುದಿಲ್ಲ. ಬೀದಿಗೆ ಟ್ಯಾಂಕರ್ ಬಂದರೆ ಬಾಗಿಲಲ್ಲಿ ಕೂತು ನೀರು ಬೀಳುವುದನ್ನು ನೋಡುತ್ತೇನೆ. ಮನೆ ಮಾಲೀಕರಾದ ಲಕ್ಷ್ಮಿದೇವಮ್ಮ ಈ ಊರಿನ ಹಳೇ ಒಕ್ಕಲು. ಈ ಬೀದಿಯೆಲ್ಲ ಅವರ ರಾಗಿ ಹೊಲವಾಗಿತ್ತಂತೆ, ಹೊಲದ ನಡುವೆ ಒಂದು ಬಾವಿ ಇತ್ತಂತೆ, ಕೈಯಿಂದ ಮೊಗೆದು ಕುಡಿಯುವಷ್ಟು ಮೇಲಕ್ಕೆ ನೀರು. ಆ ಬಾವಿಯ ಕಥೆಯನ್ನು ದಿನವೂ ಹೇಳಿಸಿಕೊಳ್ಳುತ್ತೇನೆ. ಅವರಿಗೂ ಬೇಸರವಿಲ್ಲ, ನನಗೂ ಇಲ್ಲ.

ಅಕ್ಕ

*

ಬೆಣಚಿನಾಳ
4-6-2006

ಅಕ್ಕನಿಗೆ ನಮಸ್ಕಾರ.

ಶಾಲೆ ಶುರುವಾಯಿತು. ನಿನ್ನ ಕಾಗದ ಅಂಗಿಯ ಜೇಬಿನಲ್ಲೇ ಇತ್ತು, ಬರೆಯಲು ಕೂತಾಗಲೆಲ್ಲ ಸಿಟ್ಟು ಅಡ್ಡ ಬರುತ್ತಿತ್ತು. ಈಗ ಅದೂ ದಣಿದಿದೆ. ಕೆಲಸ ಬಿಟ್ಟಿದ್ದೀಯಾ? ಹೊತ್ತು ಹೋಗುವುದಿಲ್ಲ ಎಂದು ಬರೆದಿದ್ದೆ, ಆಗ ಗಮನಿಸಲಿಲ್ಲ. ವಿಶೇಷವಿದ್ದರೆ ಮುಚ್ಚಿಡಬೇಡ, ಅವ್ವ ಹತ್ತು ವರ್ಷದಿಂದ ಕಾಯುತ್ತಿದ್ದಾಳೆ. ಹಾಗೇನಾದರೂ ಇದ್ದರೆ ಚೆನ್ನಾಗಿ ತಿನ್ನು, ಚೆನ್ನಾಗಿ ನೀರು ಕುಡಿ.

ಈ ಸಲ ಪಂಚಮಿಗೆ ಕರೆಯಲು ಬಂದೇ ಬರುತ್ತೇನೆ. ಬೇಡ ಅಂದರೂ ಬರುತ್ತೇನೆ.

ಬಾಳೇಶ

*

ಲಗ್ಗೆರೆ
18-6-2006

ಬಾಳೇಶ,

ನೀನು ಅಂದುಕೊಂಡ ವಿಶೇಷ ಅಲ್ಲ. ಹೇಗೂ ಬರುತ್ತೀಯ. ಬಂದು ಬಾಗಿಲಲ್ಲಿ ನನ್ನನ್ನು ನೋಡಿ ಗಾಬರಿಯಾಗುವುದಕ್ಕಿಂತ ಕಾಗದದಲ್ಲೇ ಗಾಬರಿಯಾಗು. ಆ ಸಂಬಂಧಿಕರು ನಾನೇ. ಉರಿಮೂತ್ರದ ಪಂಕಜಾಳೂ ನಾನೇ.

ಹೋದ ವರ್ಷ ಜೂನ್‌ನಿಂದ ಮಂಗಳವಾರ, ಶುಕ್ರವಾರ ಆಸ್ಪತ್ರೆಗೆ ಹೋಗುತ್ತೇನೆ. ನಾಲ್ಕು ಗಂಟೆ ಮಲಗಿಸುತ್ತಾರೆ. ರಕ್ತ ಒಂದು ನಳಿಕೆಯಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತದೆ. ನನಗೆ ಅಲ್ಲಿ ಏನು ನಡೆಯುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ, ಪಕ್ಕದ ಹಾಸಿಗೆಯವರಿಗೂ ನಾನೇ ಬಿಡಿಸಿ ಹೇಳಿದೆ. ಹಾಗಾಗಿ ನಿನ್ನ ಪಾಠ ಉಪಯೋಗಕ್ಕೆ ಬಂದಿದೆ.

ಕಷ್ಟವೆಂದರೆ ಬಾಯಾರಿಕೆ. ಮೂತ್ರ ಬಹುತೇಕ ನಿಂತಿದೆ, ಕುಡಿದ ನೀರು ಒಳಗೇ ಉಳಿದು ಎದೆಗೆ ಏರುತ್ತದೆ. ದಿನಕ್ಕೆ ಅರ್ಧ ಲೀಟರ್ ಅಷ್ಟೇ, ಸಾರು, ಚಹಾ ಎಲ್ಲ ಸೇರಿ. ನಾಲಿಗೆಗೆ ಒದ್ದೆ ಬಟ್ಟೆ ಒತ್ತಿಕೊಳ್ಳುತ್ತೇನೆ. ಟ್ಯಾಂಕರ್ ನೋಡುವುದು ಅದಕ್ಕೇ. ಮೊನ್ನೆ ನಿನ್ನ ಕಾಗದದಲ್ಲಿ ಚೆನ್ನಾಗಿ ನೀರು ಕುಡಿ ಎಂಬ ಮಾತು ಓದಿ ನಗು ಬಂತು, ಆಮೇಲೆ ಅಳು ಬಂತು.

ಯಾಕೆ ಮುಚ್ಚಿಟ್ಟೆ ಎಂದು ಕೇಳಬೇಡ. ಒಡಹುಟ್ಟಿದವರು ಇದ್ದಾರಾ ಎಂದು ವೈದ್ಯರು ಮೊದಲ ದಿನವೇ ಕೇಳಿದರು. ಇಲ್ಲ ಅಂದೆ. ನೀನು ಎಂಥವನು ಎಂದು ನನಗೆ ಗೊತ್ತಿಲ್ಲವೇ?

ಇದೆಲ್ಲ ಆ ಜ್ವರದ ಮಾತ್ರೆ, ನೋವಿನ ಮಾತ್ರೆಗಳಿಂದ ಆದದ್ದು. ಅಂಗಡಿಯಿಂದ ತಂದು ತಂದು ನುಂಗಿದೆ, ನನ್ನದೇ ತಪ್ಪು. ಮಾತ್ರೆಯಿಂದಲೇ ಆಯಿತು ಎಂದು ವೈದ್ಯರೂ ಹೇಳಿದ್ದಾರೆ. ಬೇರೆ ಕಾರಣ ಏನೂ ಇಲ್ಲ. ನೀನು ಪುಸ್ತಕ ತೆಗೆದು ಹುಡುಕುತ್ತ ಕೂರಬೇಡ.

ಅವ್ವನಿಗೆ ಸದ್ಯ ಹೇಳಬೇಡ. ನೀನು ಬಾ. ನಿನ್ನನ್ನು ನೋಡಬೇಕಾಗಿದೆ.

ಅಕ್ಕ

*

ಬೆಣಚಿನಾಳ
24-6-2006

ಅಕ್ಕ,

ಕಾಗದ ಈಗ ತಾನೇ ಬಂತು. ರಜೆ ಬರೆದುಕೊಟ್ಟೆ. ಸೋಮವಾರದ ಬಸ್ಸಿಗೆ ಹೊರಡುತ್ತೇನೆ. ಬಹುಶಃ ಈ ಕಾಗದಕ್ಕಿಂತ ನಾನೇ ಮೊದಲು ಬರುತ್ತೇನೆ, ಆದರೂ ಬರೆಯದೆ ಇರಲಾಗುತ್ತಿಲ್ಲ. ನನ್ನ ರಕ್ತ ಪರೀಕ್ಷೆ ಮಾಡಿಸೋಣ, ಹೊಂದಿದರೆ ನನ್ನ ಎರಡು ಮೂತ್ರಪಿಂಡದಲ್ಲಿ ಒಂದು ನಿನಗೆ. ಒಡಹುಟ್ಟಿದವರು ಇಲ್ಲ ಎಂದು ಹೇಗೆ ಹೇಳಿದೆ? ಬಹಳ ದಿನ ಇರುವುದಿಲ್ಲ ಎಂದು ನಾನು ನಿನಗೇ ಬರೆದೆನಲ್ಲ, ಈ ಕೈಯಿಂದ.

ಬಾಳೇಶ

*

ಹೆಗ್ಗನಹಳ್ಳಿ, ಬೆಂಗಳೂರು
3-9-2006

ಬಾಳೇಶ ಮೇಷ್ಟ್ರಿಗೆ ಪಂಕಜಾಳ ನಮಸ್ಕಾರಗಳು.

ನೀವು ನನ್ನನ್ನು ಎರಡು ಸಲ ನೋಡಿದ್ದೀರಿ. ರಕ್ತ ಪರೀಕ್ಷೆಗೆ ಬಂದಾಗ ಆಸ್ಪತ್ರೆಯಲ್ಲಿ ಒಮ್ಮೆ. ಆಮೇಲೆ ನೀವು ಅಮ್ಮನವರನ್ನು ಕರೆತರಲು ಊರಿಗೆ ಹೋದ ವಾರದಲ್ಲೇ ಸುವರ್ಣಕ್ಕನಿಗೆ ಎದೆಯಲ್ಲಿ ನೀರು ತುಂಬಿ ಹಾಗಾಯಿತಲ್ಲ, ಮಣ್ಣು ಮಾಡಿದ ದಿನ ಒಮ್ಮೆ. ಅವತ್ತು ಅಮ್ಮನವರು ಅಕ್ಕನ ಕೈ ಹಿಡಿದು ಕೂತಿದ್ದರು, ನಿಮ್ಮ ಹತ್ತಿರ ಮಾತಾಡಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಕಾಗದ.

ಒಂದು ಸಹಾಯ ಆಗಬೇಕು. ನೀವು ಅಕ್ಕನಿಗೆ ನೀರು ಕಡಿಮೆ ಕುಡಿಯುವ ಬಗ್ಗೆ ಬರೆದ ಪಾಠ ನಮ್ಮ ಲೈನಿನಲ್ಲಿ ಈಗಲೂ ಇದೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಮೊದಲ ವಾರದಲ್ಲೇ ಯಾರಾದರೂ ಅದನ್ನು ಕೊಡುತ್ತಾರೆ. ನಾನು ಬರೆದುಕೊಂಡ ಹಾಳೆಯಿಂದ ಎಷ್ಟು ನಕಲು ಆಗಿವೆಯೋ ಲೆಕ್ಕವಿಲ್ಲ. ಎಂಟನೇ ಲೈನಿಗೂ ಹೋಗಿದೆ. ಅಕ್ಕ ಕಾಯಿಲೆ ಬಿದ್ದ ಮೇಲೆ ನಮ್ಮನ್ನೆಲ್ಲ ಮನೆಗೆ ಕರೆಸಿ, ಹಾಗೆ ಮಾಡಬೇಡಿ, ನೀರು ಕುಡಿಯಿರಿ ಎಂದು ಹೇಳಿದರು. ಕೆಲವರು ಬಿಟ್ಟೆವು. ಉಳಿದವರು ಮೇಷ್ಟ್ರು ಬರೆದದ್ದು ಸುಳ್ಳಾಗುತ್ತದೆಯೇ ಅನ್ನುತ್ತಾರೆ. ಈಗ ನಾಲ್ಕು ಜನರಿಗೆ ಉರಿ ಶುರುವಾಗಿದೆ. ನೀವೇ ಒಂದು ಕಾಗದ ಬರೆದರೆ ನಂಬುತ್ತಾರೆ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ತುಂಬ ಯೋಚಿಸಿದೆ. ಮೊದಲ ಸಲ ಆಸ್ಪತ್ರೆಗೆ ಹೋದಾಗ ಅಕ್ಕನ ಜೊತೆ ನಾನಿದ್ದೆ. ಇಷ್ಟು ವರ್ಷದ ಸೋಂಕು ಮೇಲಕ್ಕೆ ಏರಿದೆ, ಜೊತೆಗೆ ಮಾತ್ರೆ ಎಂದು ಹೇಳಿ, ಡಾಕ್ಟರು ದಿನಕ್ಕೆ ಎಷ್ಟು ನೀರು ಕುಡೀತಿದ್ರಿ ಎಂದು ಕೇಳಿದರು. ಅಕ್ಕ ಹೇಳಿದರು. "ಅಷ್ಟು ಕಮ್ಮಿ ಕುಡಿ ಅಂತ ಯಾರಮ್ಮ ಹೇಳಿದ್ದು ನಿಮಗೆ?" ಎಂದು ಅವರು ಸಿಟ್ಟಾದರು. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಯಾರೂ ಹೇಳಿಲ್ಲ ಸಾರ್, ನನಗೇ ಬಾಯಾರಿಕೆ ಕಡಿಮೆ" ಅಂದರು. ಹೊರಗೆ ಬಂದು, "ನನ್ನ ತಮ್ಮನಿಗೆ ಇದು ಯಾವತ್ತೂ ಗೊತ್ತಾಗಬಾರದು ಕಣೇ" ಎಂದು ಆಣೆ ಹಾಕಿಸಿಕೊಂಡರು.

ಆ ಆಣೆ ಮುರಿದಿದ್ದೇನೆ. ಆ ನಾಲ್ಕು ಹುಡುಗಿಯರ ಮುಖ ದಿನಾ ನೋಡಬೇಕಲ್ಲ, ಬೇರೆ ದಾರಿ ಕಾಣಲಿಲ್ಲ. ನನ್ನನ್ನು ಕ್ಷಮಿಸಿ.

ಪಂಕಜಾ

*

ಬೆಣಚಿನಾಳ
24-9-2006

ಪಂಕಜಾ ಅವರಿಗೆ, ಮತ್ತು ಆರನೇ ಲೈನಿನ ಎಲ್ಲರಿಗೂ,

ಮೂರು ಸಲ ಬರೆದು ಹರಿದೆ. ಇದನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿ. ಎಂಟನೇ ಲೈನಿಗೂ ಕೊಡಿ.

ನೀರು ಕುಡಿಯಿರಿ. ಬಾಯಾರಿಕೆಗೆ ಕಾಯಬೇಡಿ. ಬಂದಾಗ ಎದ್ದು ಹೋಗಿ, ತಡೆದುಕೊಳ್ಳಬೇಡಿ. ಉರಿ ಇರುವ ನಾಲ್ವರೂ ನಾಳೆಯೇ ವೈದ್ಯರನ್ನು ನೋಡಿ, ಅಂಗಡಿಯ ಮಾತ್ರೆ ಬೇಡ. ಯಾರಾದರೂ ಅಡ್ಡ ಮಾತಾಡಿದರೆ ನಲವತ್ತು ಜನವೂ ಒಟ್ಟಿಗೆ ಎದ್ದು ನಿಲ್ಲಿ. ಇದು ನನ್ನ ಅಕ್ಕನಿಗೆ ನಾನು ಅಂದೇ ಬರೆಯಬೇಕಾಗಿದ್ದ ಕಾಗದ.

ಆ ಪಾಠದಲ್ಲಿ ಬರೆದದ್ದು ಪುಸ್ತಕದಲ್ಲಿದೆ. ನೀರು ಸಿಗದ ದಿನ ದೇಹ ನೀರನ್ನು ಉಳಿಸಿಕೊಳ್ಳುತ್ತದೆ, ನಿಜ. ಒಂದೆರಡು ದಿನಕ್ಕೆ ಇರುವ ಆ ಅನುಕೂಲವನ್ನು ನಾನು ವರ್ಷಗಟ್ಟಲೆಗೆ ಹೇಳಿಕೊಟ್ಟೆ. ಸೂಪರ್‌ವೈಸರ್ ನನಗೆ ಎಲ್ಲರ ಮುಂದೆ ಹೀಗೆ ಅಂದ ಎಂದು ಅಕ್ಕ ಬರೆದಿದ್ದಳು. ಅವಳಿಗಾದ ನೋವು ನನಗೆ ಕಾಣಿಸಲಿಲ್ಲ, ಒಳ್ಳೆಯ ಪ್ರಶ್ನೆ ಕಾಣಿಸಿತು.

ನೀವು ಆಣೆ ಮುರಿದದ್ದು ಸರಿ. ನನಗೆ ಗೊತ್ತಾಗಬೇಕಿತ್ತು. ಅವ್ವನಿಗೆ ನಾನು ಇನ್ನೂ ಹೇಳಿಲ್ಲ. ಹೇಳುತ್ತೇನೋ ಇಲ್ಲವೋ ತಿಳಿಯದು.

ಮೊನ್ನೆ ಏಳನೆಯ ತರಗತಿಗೆ ಅದೇ ಪಾಠ ಬಂತು. ಹಲಗೆಯ ಮೇಲೆ ಚಿತ್ರ ಬರೆದು ಸೀಮೆಸುಣ್ಣ ಕೆಳಗಿಟ್ಟೆ. ಎಲ್ಲರೂ ಹೋಗಿ ನೀರು ಕುಡಿದು ಬನ್ನಿ ಎಂದೆ. ಹುಡುಗರು ಕೈಪಂಪಿನ ಕಡೆ ಓಡಿದರು. ಹುಡುಗಿಯರು ಕೂತೇ ಇದ್ದರು. ನೀವೂ ಹೋಗಿ ಎಂದು ಎರಡು ಸಲ ಹೇಳಿದೆ, ತಲೆ ತಗ್ಗಿಸಿದರು. ಮೂರನೆಯ ಸಲ ಬಸವ್ವ ಎಂಬ ಹುಡುಗಿ ಎದ್ದು ನಿಂತು, "ನಾವು ಸಾಲ್ಯಾಗ ನೀರು ಕುಡಿಯಂಗಿಲ್ರೀ ಸರ. ನಮಗ ಹೋಗಾಕ ಜಾಗ ಇಲ್ಲಲ್ರೀ" ಅಂದಳು.

ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಶೌಚಾಲಯವಿಲ್ಲ. ಹುಡುಗರು ಗೋಡೆಯ ಹಿಂದೆ ಹೋಗುತ್ತಾರೆ. ಹುಡುಗಿಯರು ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಏನು ಮಾಡುತ್ತಾರೆ ಎಂದು ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಒಂಬತ್ತು ವರ್ಷದಿಂದ ಅವರಿಗೆ ಈ ಪಾಠ ಹೇಳುತ್ತಿದ್ದೇನೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದರೆ ಪೂರ್ತಿ ಅಂಕ ತೆಗೆಯುವವರು ಯಾವಾಗಲೂ ಹುಡುಗಿಯರೇ.

ಬಾಳೇಶ